ಮರುವಾಯಿ ಸಾರು ಮತ್ತು ಮದುವೆ ಛತ್ರ

ನನ್ನ ದಿನಚರಿಯಲ್ಲಿ ೧೯೮೬ರ ಜನವರಿ ೨೬, ಭಾನುವಾರದ ಪುಟದಲ್ಲಿ ಒಂದೇ ಸಾಲಿದೆ: “ಮಧ್ಯಾಹ್ನ ಎಲ್ಲರೂ ಬರೀ ಮಸಾಲೆ ಉಂಡೆವು.” ನಮ್ಮ ಮನೆಮಂದಿಯನ್ನು ರಾಮನಗರದಿಂದ ಆಚೆ ಕರೆದುಕೊಂಡು ಹೋದಾಗಲೆಲ್ಲ ಇಂಥದ್ದೊಂದು ಆಗಿಯೇ ತೀರುತ್ತದೆ. ಬಿ.ಎಸ್ಸಿ. ಓದಿದ ಹೆಂಗಸು ಜೊತೆಗಿದ್ದರೆ ಆಗುವುದಿಲ್ಲ ಎಂದುಕೊಳ್ಳಬೇಡಿ. ಪ್ರತಿ ಸಲವೂ ನಾನು ಜೊತೆಗಿದ್ದೆ.

ಮಗ ಮೆಚ್ಚಿದ ಹುಡುಗಿ ಉಡುಪಿ ಕಡೆಯವಳು. ಮಾತು ಮುಗಿಸಲು ಅವರ ಮನೆಗೆ ಹೋಗಿದ್ದೆವು. ಮದುವೆ ಯಾವ ಊರಲ್ಲಿ ಎಂಬುದೊಂದೇ ತೀರ್ಮಾನವಾಗದೆ ಉಳಿದಿತ್ತು. ನಾನು ಮಾತ್ರ ರಾಮನಗರದಲ್ಲಿ ಛತ್ರಕ್ಕೆ ಮುಂಗಡ ಕೊಟ್ಟು, ಲಗ್ನಪತ್ರಿಕೆಯನ್ನೂ ಅಚ್ಚು ಹಾಕಿಸಿಯೇ ಹೊರಟಿದ್ದೆ.

ಹುಡುಗಿಯ ತಾಯಿ ನಗುತ್ತಾ ಅಂದರು: “ಒಂದು ಕೆಲಸ ಮಾಡುವ. ನಾಳೆ ಮರುವಾಯಿ ನೀವೇ ಹೆಕ್ಕಿ, ನೀವೇ ಸಾರು ಮಾಡಿ. ನಮ್ಮ ಯಜಮಾನರು ಇನ್ನೊಂದು ಸಲ ಬಡಿಸಿ ಅಂದರೆ ಮದುವೆ ನಿಮ್ಮೂರಲ್ಲಿ. ಇಲ್ಲದಿದ್ದರೆ ಇಲ್ಲಿ.”

ಮರುವಾಯಿ ಎಂದರೆ ಹೊಳೆ ಸಮುದ್ರ ಸೇರುವಲ್ಲಿ ಮರಳಿನಲ್ಲಿ ಹುದುಗಿರುವ ಗೆರೆಗೆರೆಯ ಚಿಪ್ಪು. ಒಳಗಿನ ಮಾಂಸವನ್ನು ತಿನ್ನುತ್ತಾರೆ. ನಾನು ಓದಿದ್ದು ಪ್ರಾಣಿಶಾಸ್ತ್ರ. “ಧಾರಾಳವಾಗಿ” ಎಂದೆ.

೧. ಕಿವಿಯ ಪರೀಕ್ಷೆ

ಬೆಳಿಗ್ಗೆ ನೀರು ಇಳಿದ ಹೊತ್ತಿಗೆ ಹೊಳೆಬಾಯಿಗೆ ಹೋದೆವು. ನನ್ನ ಮೈದುನ ರಾಮನಗರದಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಸುವವನು. ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಲೊಟಲೊಟ ಅಂದರೆ ಮಾತ್ರ ಬೆಲೆ ಕೂಗುವುದು ಅವನ ರೂಢಿ. ಇಲ್ಲಿಯೂ ಒಂದೊಂದೇ ಚಿಪ್ಪನ್ನು ಕಿವಿಗೆ ಹಿಡಿದು ಅಲ್ಲಾಡಿಸತೊಡಗಿದ. ಸದ್ದು ಮಾಡದಿದ್ದರೆ ನೀರಿಗೆ ಎಸೆದ. ಸದ್ದು ಮಾಡಿದ್ದನ್ನು ಲುಂಗಿಯ ಮಡಿಲಿಗೆ ಹಾಕಿಕೊಂಡ.

ಮರುವಾಯಿ ಹೆಕ್ಕುತ್ತಿದ್ದ ಊರಿನ ಹೆಂಗಸೊಬ್ಬಳು ಬಹಳ ಹೊತ್ತು ನೋಡಿದಳು. “ಎಂತ ಮಾರಾಯ್ರೆ, ಬದುಕಿದ್ದನ್ನೆಲ್ಲ ಬಿಸಾಡ್ತೀರಲ್ಲ? ಸದ್ದು ಮಾಡುವುದು ಸತ್ತದ್ದು. ಒಳಗೆ ಕಲ್ಲು.”

ಮೈದುನ ಮಡಿಲು ಬಿಚ್ಚಿ ನೋಡಿದ. “ಆದ್ರೂ ಅತ್ತಿಗೆ, ಸದ್ದು ಏನ್ ಚೆಂದಾಗೈತೆ!”

೨. ಮೇವು

ಅವನನ್ನು ದಡದಲ್ಲಿ ಕೂರಿಸಿ ನಾವು ಹೆಂಗಸರೇ ಒಂದು ಬುಟ್ಟಿ ತುಂಬಾ ಹೆಕ್ಕಿದೆವು. ಇದನ್ನು ಕೆಲವು ಗಂಟೆ ಉಪ್ಪುನೀರಿನಲ್ಲಿ ಬಿಟ್ಟರೆ ಒಳಗಿನ ಮರಳನ್ನು ತಾನೇ ಉಗುಳುತ್ತದೆ. ಬಕೆಟ್ ಕಾಯುವ ಕೆಲಸವನ್ನು ಮೈದುನನ ಹೆಂಡತಿಗೆ ವಹಿಸಿದೆ. ಹೊಂಗನೂರಿನಲ್ಲಿ ರೇಷ್ಮೆಹುಳು ಸಾಕುತ್ತಲೇ ಬೆಳೆದವಳು, ಶುಚಿಯಲ್ಲಿ ಅವಳನ್ನು ಮೀರಿಸುವವರಿಲ್ಲ.

ಹುಡುಗಿಯ ತಾಯಿ ಬಂದು ನೋಡಿದರೆ ಬಕೆಟ್ಟಿನ ಮೇಲೆಲ್ಲ ಸಣ್ಣಗೆ ಹೆಚ್ಚಿದ ದಾಸವಾಳದ ಎಲೆ ತೇಲುತ್ತಿದೆ.

“ಇದೆಂತ?”

“ಮೇವು ಕಣಕ್ಕ. ಬೆಳಿಗ್ಗೆಯಿಂದ ಉಪಾಸ ಅವೆ, ಪಾಪ. ಇಪ್ಪನೇರಳೆ ಸೊಪ್ಪು ಸಿಗ್ನಿಲ್ಲ. ಒಸಿ ಇದನ್ನೇ ಹಾಕ್ದೆ.”

“ತಿಂದವಾ?”

“ಎಲ್ಲಿ! ಮೂತಿ ತಿರುಗಿಸ್ಕೊಂಡು ಮನೀಕೊಂಡವೆ. ನಮ್ ಸೊಪ್ಪು ಅಂದ್ರೆ ನಿಮ್ಮೂರೋರ್ಗೆ ಸೇರಲ್ಲ ಅಂತ ಕಾಣ್ತದೆ.”

ಬೀಗಿತ್ತಿ ಆಗಬೇಕಾದವರು ಒಳಗೆ ಹೋದರು. ಗೋಡೆಯಾಚೆಯಿಂದ ನಗು ಕೇಳಿಸಿತು.

೩. ಗಟ್ಟಿ ಮಾಲು

ಇಷ್ಟಾದರೂ ನಾನು ಧೈರ್ಯಗೆಟ್ಟಿರಲಿಲ್ಲ. ಮಸಾಲೆ ನನ್ನ ಕೈಯದು. ತೆಂಗಿನಕಾಯಿ, ಹುರಿದ ಕೊತ್ತಂಬರಿ, ನಮ್ಮ ಕಡೆಯಿಂದಲೇ ತಂದ ಒಣಮೆಣಸಿನಕಾಯಿ ಹಾಕಿ ರುಬ್ಬುತ್ತ ಕೂತೆ. ಚಿಪ್ಪು ಬೇಯಿಸಿ ಆರಿಸುವುದಕ್ಕೆ ಯಾರು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಬಿಸಿನೀರಲ್ಲಿ ಗೂಡು ಬೇಯಿಸಿ, ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವುದೇ ಮೈದುನನ ಕಸುಬು. ಬೆಳಗಿನ ಅವಮಾನ ತೊಳೆದುಕೊಳ್ಳಲು ಅವನೂ ಕಾಯುತ್ತಿದ್ದ. ಹಿತ್ತಲಿನ ಒಲೆಯನ್ನು ಅವನಿಗೆ ಒಪ್ಪಿಸಿದೆ.

ಅರ್ಧ ಗಂಟೆ ಬಿಟ್ಟು ಬಂದ. ಕೈಯಲ್ಲಿ ಒಂದು ಸಣ್ಣ ತಟ್ಟೆ. ಅದರಲ್ಲಿ ಬಾಯಿ ಬಿಗಿದುಕೊಂಡ ಏಳೆಂಟು ಚಿಪ್ಪು.

“ಬುಟ್ಟಿ ತುಂಬಾ ಇತ್ತಲ್ಲೋ?”

“ಮಾಲೇ ಸರಿ ಇಲ್ಲ ಅತ್ತಿಗೆ. ನೀರು ಒಸಿ ಕುದಿಯೋ ಹೊತ್ಗೆ ಎಲ್ಲಾ ಬಾಯ್ ಬುಟ್ಕೊಂಡ್ಬುಟ್ವು. ಒಡೆದ ಗೂಡು ಯಾವನಿಗೆ ಬೇಕು? ಬೇಲಿ ಆಚೆ ಸುರಿದೆ. ಗಟ್ಟಿ ಮಾಲು ಅಂತ ನಿಂತಿದ್ದು ಇಷ್ಟೇಯ.”

ಗೂಡಿಗೆ ತೂತು ಬಿದ್ದರೆ ನೂಲು ಬರುವುದಿಲ್ಲ, ನಿಜ. ಆದರೆ ಮರುವಾಯಿ ಬೆಂದಾಗ ಬಾಯಿ ತೆರೆಯುವುದೇ ಅದು ಒಳ್ಳೆಯದಿತ್ತು ಎಂಬುದಕ್ಕೆ ಗುರುತು. ತೆರೆಯದೆ ಉಳಿಯುವುದು ಕೆಟ್ಟದ್ದು. ನಾನು ಬೇಲಿಯ ಹತ್ತಿರ ಓಡಿದೆ. ಕಾಗೆಗಳೂ ಎರಡು ನಾಯಿಗಳೂ ಊಟ ಮುಗಿಸುತ್ತಿದ್ದವು.

ಎಲೆ ಹಾಕಿ ಆಗಿತ್ತು. ಹುಡುಗಿಯ ತಂದೆ ಸಾರಿನಲ್ಲಿ ಬೆರಳಾಡಿಸಿ ಹುಡುಕಿದರು. “ಮಸಾಲೆ ಭಾರೀ ಲಾಯ್ಕಾಗಿದೆ. ಮರುವಾಯಿ?”

ನಾನು ತಡೆಯುವ ಮೊದಲೇ ಮೈದುನ ಒಂದು ಚಿಪ್ಪನ್ನು ಅವರ ಎಲೆಯ ತುದಿಗೆ ಇಟ್ಟ. “ಫಸ್ಟ್ ಕ್ಲಾಸ್ ಸ್ವಾಮಿ. ಬೇಕಾದ್ರೆ ಒಡೆದು ನೋಡಿ.”

ಒಡೆದರು. ಒಂದು ಚಮಚದಷ್ಟು ಕಪ್ಪು ಕೆಸರು ಎಲೆಗೆ ಇಳಿಯಿತು. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಹೆಂಡತಿಗೆ ಹೇಳಿದರು: “ಮದುವೆ ದಿನಕ್ಕೆ ನಮ್ಮೂರ ಹಾಲ್ ಖಾಲಿ ಇದೆಯಾ ಅಂತ ಇವತ್ತೇ ವಿಚಾರಿಸು.”

ಮೇ ತಿಂಗಳಲ್ಲಿ ಮದುವೆ ಅಲ್ಲೇ ಆಯಿತು. ಖರ್ಚು ಹೀಗೆ: ರಾಮನಗರದಿಂದ ಎರಡು ಬಸ್ಸಿನ ಬಾಡಿಗೆ. ಹಿಂತಿರುಗಿ ಬಾರದ ಛತ್ರದ ಮುಂಗಡ. ನಮ್ಮೂರ ವಿಳಾಸದಲ್ಲಿ ಅಚ್ಚಾಗಿದ್ದ ಲಗ್ನಪತ್ರಿಕೆ, ಪೂರ್ತಿ ಎರಡು ಕಟ್ಟು. ಘಾಟಿಯಲ್ಲಿ ವಾಂತಿ ಮಾಡಿಕೊಂಡವರಿಗೆ ನಿಂಬೆಹಣ್ಣು. ಮರುವಾಯಿಗೆ ಏನೂ ಇಲ್ಲ. ಅದು ಬಿಟ್ಟಿ ಸಿಕ್ಕಿದ್ದು.