ನಾಲ್ಕೂವರೆಯ ಹಡಗು ಮತ್ತು ನಮ್ಮ ಪ್ರೈವೇಟ್ ಗೈಡು

ನಮ್ಮ ಮನೆಯವರು ನಾಲ್ಕು ಜನ ಒಟ್ಟಿಗೆ ಹೊರಟು, ಏನೂ ಆಗದೆ ವಾಪಸ್ ಬಂದದ್ದು ಇಲ್ಲವೇ ಇಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಪರಿಚಯದವರ ಗೃಹಪ್ರವೇಶಕ್ಕೆಂದು ಹೋಗಿ, ಹಿಂದಿನ ಬೀದಿಯ ಇನ್ಯಾರದೋ ಗೃಹಪ್ರವೇಶದಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡು, ತಾಂಬೂಲವನ್ನೂ ತೆಗೆದುಕೊಂಡು ಬಂದವರು ನಾವು. ಅಂಥವರು ಸಮುದ್ರ ದಾಟಿ ಹೋದರೆ ಸುಮ್ಮನೆ ಬರುತ್ತೇವೆಯೇ?

ಯಾರು ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ನಾನು ಒಬ್ಬ. ಕತ್ರಿಗುಪ್ಪೆಯಲ್ಲಿ ಕನ್ನಡಕದ ಅಂಗಡಿ, ಹನುಮಂತನಗರದಲ್ಲಿ ಮನೆ. ಎರಡನೆಯವಳು ನನ್ನ ಹೆಂಡತಿ. ಮೂರನೆಯವರು ಹೆಂಡತಿಯ ಅಕ್ಕ. ಅವರನ್ನು ನಾನೂ ಅಕ್ಕ ಎಂದೇ ಕರೆಯುತ್ತೇನೆ. ನಾಲ್ಕನೆಯವರು ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು. ಕರೆಯುವುದು ಭಾವ ಎಂದು. ಸರ್ಕಾರಿ ಇಂಜಿನಿಯರ್ ಆಗಿದ್ದು ನಿವೃತ್ತರಾಗಿ ಜೆ.ಪಿ. ನಗರದಲ್ಲಿದ್ದಾರೆ. ನಿವೃತ್ತಿ ಕಾಗದದಲ್ಲಿ ಮಾತ್ರ. ಯಾವ ಕಟ್ಟಡ ಕಂಡರೂ ಈಗಲೂ ಬೆರಳಿನಿಂದ ತಟ್ಟಿ ನೋಡುತ್ತಾರೆ.

ಕ್ರೂಸ್ ಎಂದರೇನು ಎಂದೂ ಹೇಳಬೇಕು. ದೊಡ್ಡ ಹಡಗು, ಒಳಗೆ ಹೋಟೆಲಿನಂತೆ ರೂಮುಗಳು. ನಾವು ಮಲಗಿದ್ದಾಗ ಅದು ಹೋಗುತ್ತಿರುತ್ತದೆ, ಬೆಳಿಗ್ಗೆ ಒಂದು ಊರಿನಲ್ಲಿ ನಿಲ್ಲುತ್ತದೆ. ಇಳಿದು ಊರು ನೋಡಿ, ಹೇಳಿದ ಹೊತ್ತಿಗೆ ಹತ್ತಿಕೊಳ್ಳಬೇಕು. ಇಲ್ಲಿ ಬರೆಯುತ್ತಿರುವುದು ಟರ್ಕಿ ದೇಶದಲ್ಲಿ ನಿಂತ ದಿನದ ಬಗ್ಗೆ. ಅಲ್ಲಿ ಎಫೆಸಸ್ ಎಂಬ ಹಳೆಯ ಪಟ್ಟಣ, ಈಗ ಬರೀ ಕಂಬ ಮತ್ತು ಕಲ್ಲು.

೧. ಬಾವುಟದ ಹಿಂದೆ ಹೋಗುವುದಿಲ್ಲ

ಎಫೆಸಸ್‌ಗೆ ಹೋಗಲು ಹಡಗಿನವರದೇ ಬಸ್ಸು ಇತ್ತು. ಬೇಡ, ನಾವೇ ಪ್ರೈವೇಟ್ ಗೈಡ್ ಮಾಡಿಕೊಳ್ಳೋಣ ಎಂದು ಹಟ ಹಿಡಿದವನು ನಾನು. ಇದನ್ನು ಒತ್ತಿ ಹೇಳಲು ಕಾರಣ, ಮುಂದೆ ಬೈಸಿಕೊಂಡವನೂ ನಾನೇ.

“ರೀ, ಸುಮ್ನೆ ಅವರ ಬಸ್ಸಲ್ಲೇ ಹೋಗೋಣ” ಎಂದಳು ಹೆಂಡತಿ.

“ನಲವತ್ತು ಜನ ಒಂದು ಬಾವುಟದ ಹಿಂದೆ ಸಾಲಾಗಿ ಹೋಗೋದಾ? ನಾವೇನು ಸ್ಕೂಲ್ ಮಕ್ಕಳಾ?”

ಹಡಗಿನ ಕೌಂಟರಿನಲ್ಲಿದ್ದ ಹುಡುಗಿ ನನಗೆ ಒಂದೇ ವಿಷಯವನ್ನು ಮೂರು ಸಲ ಹೇಳಿದಳು. ನಾಲ್ಕೂವರೆಗೆ ಬಾಗಿಲು ಮುಚ್ಚುತ್ತದೆ. ಹಡಗಿನ ಬಸ್ಸಿನಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದೆ, ಏಕೆಂದರೆ ಅವರ ಜವಾಬ್ದಾರಿ ಹಡಗಿನದು. ಸ್ವಂತವಾಗಿ ಹೋದವರಿಗೆ ಒಂದು ನಿಮಿಷವೂ ಕಾಯುವುದಿಲ್ಲ. ಮುಂದಿನ ಊರು ಇರುವುದು ಬೇರೆ ದೇಶದಲ್ಲಿ. ಅಲ್ಲಿಗೆ ನಾವೇ ದಾರಿ ನೋಡಿಕೊಳ್ಳಬೇಕು.

“ಮೇಡಂ, ನಾವು ಬೆಂಗಳೂರಿನವರು. ಹನುಮಂತನಗರದಿಂದ ಏರ್‌ಪೋರ್ಟಿಗೆ ಐದು ಗಂಟೆ ಮುಂಚೆ ಹೊರಡೋ ಜನ. ಲೇಟಾಗೋದು ಅಂದ್ರೇನು ಅಂತಲೇ ನಮಗೆ ಗೊತ್ತಿಲ್ಲ” ಎಂದೆ. ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದು. ಅಲ್ಲಿ ಹೊರಗಿನವರ ಜೊತೆ ಆಡಿದ್ದೆಲ್ಲ ಇಂಗ್ಲಿಷೇ. ಓದುವವರಿಗೆ ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೆಂಡತಿ ಮಾತ್ರ ಅಚ್ಚ ಕನ್ನಡದಲ್ಲೇ ಹೇಳಿದಳು: “ಹಡಗು ತಪ್ಪಿದ್ರೆ ನಾವು ಮೂರು ಜನ ಹೇಗೋ ಊರಿಗೆ ಹೋಗ್ತೀವಿ. ನೀವು ಅಲ್ಲೇ ಒಂದು ಕನ್ನಡಕದ ಅಂಗಡಿ ಇಡಿ.”

೨. ಗೈಡಿನ ವಿಚಾರಣೆ

ಗೈಡು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪುರಾತತ್ವ ಓದಿದವಳು. ಬಂದರಿನ ಬಾಗಿಲಲ್ಲಿ ನಮ್ಮ ಹೆಸರಿನ ಬೋರ್ಡು ಹಿಡಿದು ನಿಂತಿದ್ದಳು. ವ್ಯಾನು ಹೊರಟ ಕೂಡಲೇ ನಮ್ಮ ಕಡೆ ತಿರುಗಿ ಕೂತು, “ಎಫೆಸಸ್‌ಗೆ ಸಾವಿರಾರು ವರ್ಷಗಳ ಇತಿಹಾಸವಿದೆ...” ಎಂದು ಶುರುಮಾಡಿದಳು.

“ಅದಿರಲಿ, ನಿಂಗೆ ಮದುವೆ ಆಗಿದ್ಯಾ ಮಗಳೇ?” ಎಂದರು ಅಕ್ಕ.

ಆಗಿತ್ತು.

“ಸಾವಿರಾರು ವರ್ಷಗಳ ಹಿಂದೆ ಇಲ್ಲಿ ದೊಡ್ಡ ಬಂದರು...”

“ಅತ್ತೆ ಜೊತೆಗೇ ಇದ್ದಾರಾ?”

ಗೈಡು ಕಿಟಕಿಯಾಚೆ ನೋಡಿದಳು. ಆಮೇಲೆ ಹಡಗಿಗೆ ನೀರು ನುಗ್ಗಿದ ಹಾಗೆ ಮಾತು ಬಂತು. ಅತ್ತೆ ಅಡುಗೆಮನೆಗೆ ಬಿಡುವುದಿಲ್ಲ, ಮಾಡಿದ್ದಕ್ಕೆಲ್ಲ ಉಪ್ಪು ಕಡಿಮೆ ಎನ್ನುತ್ತಾರೆ, ಮಗನ ಷರ್ಟನ್ನು ತಾವೇ ಇಸ್ತ್ರಿ ಮಾಡುತ್ತಾರೆ. ನನ್ನ ಹೆಂಡತಿ “ಅಯ್ಯೋ, ಎಲ್ಲಾ ಕಡೆ ಇದೇನಾ!” ಎಂದು ನನ್ನ ಕಡೆ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

ಎಫೆಸಸ್ ಪಟ್ಟಣ ಕಟ್ಟಿದವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೈಡಿನ ಅತ್ತೆಗೆ ಎಡಮಂಡಿ ನೋವು, ಆದರೆ ನೆಂಟರು ಬಂದಾಗ ಮಾತ್ರ ಎನ್ನುವುದು ನಮ್ಮ ನಾಲ್ಕೂ ಜನಕ್ಕೆ ಗೊತ್ತು.

೩. ಭಾವನ ಇನ್‌ಸ್ಪೆಕ್ಷನ್

ಒಳಗೆ ಹೋದ ಮೇಲೆ ಭಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಸೈಟ್ ನೋಡಲು ಬಂದ ಇಂಜಿನಿಯರು ನಡೆಯುವುದೇ ಹಾಗೆ. ಒಂದು ಕಂಬವನ್ನು ತಟ್ಟಿದರು, ಚರಂಡಿಯ ಕಲ್ಲು ಬಗ್ಗಿ ನೋಡಿದರು. “ಸ್ಲೋಪ್ ಚೆನ್ನಾಗಿ ಕೊಟ್ಟಿದ್ದಾರೆ. ನಮ್ಮ ಅರೆಕೆರೆಯಲ್ಲಿ ಇಂಥದ್ದೊಂದು ಮಾಡಿದ್ರೆ ಮಳೆ ನೀರು ಮನೆಯೊಳಗೆ ಬರ್ತಿರಲಿಲ್ಲ” ಎಂದರು.

ಗೈಡು ಒಂದು ಕಲ್ಲಿನ ಮೇಲಿದ್ದ ಅಕ್ಷರ ತೋರಿಸಿದಳು. “ಈ ಕಟ್ಟಡಕ್ಕೆ ದುಡ್ಡು ಕೊಟ್ಟ ಶ್ರೀಮಂತನ ಹೆಸರು ಇಲ್ಲಿ ಕೆತ್ತಿದೆ.”

ಭಾವ ಖುಷಿಯಾದರು. “ನಮ್ಮ ಪಾರ್ಕಿನ ಕಲ್ಲುಬೆಂಚಿನ ಮೇಲೂ ಹೀಗೇ ಬರೆಸ್ತಾರೆ. ಕಟ್ಟಡ ಎಲ್ಲಿ?”

“ಬಿದ್ದುಹೋಗಿದೆ.”

“ಹೆಸರಿನ ಕಲ್ಲು?”

“ಅದು ಮಾತ್ರ ಉಳಿದಿದೆ.”

“ನೋಡಯ್ಯ” ಎಂದರು ಭಾವ ನನ್ನ ಭುಜ ತಟ್ಟಿ, “ನಮ್ಮ ವಾರ್ಡಿನ ಹಾಗೇ ಇದೆ.”

ಆಮೇಲೆ ಗೈಡನ್ನು ಕೇಳಿದರು: “ಬಿದ್ದದ್ದು ಯಾಕಮ್ಮ?”

“ಭೂಕಂಪ ಸರ್.”

ಭಾವ ನಿಟ್ಟುಸಿರು ಬಿಟ್ಟರು. “ಎಲ್ಲಾ ಕಂಟ್ರಾಕ್ಟರುಗಳೂ ಅದನ್ನೇ ಹೇಳೋದು.”

೪. ಸ್ಪಂಜು

ಮುಂದೆ ಒಂದು ಕಡೆ ಗೋಡೆಯ ಉದ್ದಕ್ಕೂ ಅಮೃತಶಿಲೆಯ ಕಟ್ಟೆ, ಕಟ್ಟೆಯಲ್ಲಿ ಸಾಲಾಗಿ ತೂತುಗಳು. ಅಕ್ಕ ಅದನ್ನು ದೀಪ ಇಡುವ ಜಾಗ ಎಂದುಕೊಂಡು ಕೈಮುಗಿಯಲು ಹೋದರು. ಗೈಡು ಅವರ ಕೈ ಹಿಡಿದು ತಡೆದಳು. ಅದು ರೋಮನ್ನರ ಕಾಲದ ಸಾರ್ವಜನಿಕ ಪಾಯಖಾನೆ. ಮಧ್ಯೆ ಗೋಡೆ ಇಲ್ಲ, ಬಾಗಿಲು ಇಲ್ಲ. ಊರಿನ ಗಣ್ಯರೆಲ್ಲ ಅಕ್ಕಪಕ್ಕ ಕೂತು ವ್ಯಾಪಾರ, ರಾಜಕೀಯ ಮಾತಾಡುತ್ತಿದ್ದರಂತೆ.

“ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗನ್ನ ಹಿಂಗೇ ಇಡಬೇಕು. ಮಧ್ಯದಲ್ಲಿ ಯಾರೂ ಎದ್ದು ಹೋಗಲ್ಲ” ಎಂದರು ಭಾವ.

ಅಕ್ಕನಿಗೆ ಬೇರೆ ಚಿಂತೆ. “ನೀರು ಎಲ್ಲಿತ್ತು?” ಎಂದು ಕೇಳಿದರು. ಭಾರತದವರು ಯಾರಾದರೂ ಮೊದಲು ಕೇಳುವುದು ಅದೇ ತಾನೇ.

ಗೈಡು ಕಾಲ ಬಳಿಯ ಸಣ್ಣ ಕಾಲುವೆ ತೋರಿಸಿದಳು. ಅದರಲ್ಲಿ ನೀರು ಹರಿಯುತ್ತಿತ್ತು. ಒಂದು ಕೋಲಿನ ತುದಿಗೆ ಸ್ಪಂಜು ಕಟ್ಟಿರುತ್ತಿತ್ತು, ಅದನ್ನು ನೀರಿನಲ್ಲಿ ಅದ್ದಿ ಬಳಸುತ್ತಿದ್ದರು.

“ಒಬ್ಬೊಬ್ಬರಿಗೆ ಒಂದೊಂದು ಸ್ಪಂಜು?”

“ಇಲ್ಲ ಮೇಡಂ. ಎಲ್ಲರೂ ಅದನ್ನೇ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಗೈಡು ಪ್ರೀತಿಯಿಂದ ಒಂದು ಪೊಟ್ಟಣ ಬಿಚ್ಚಿ, ಮನೆಯಲ್ಲಿ ಮಾಡಿದ ಸಿಹಿ ಎಂದು ಕೊಟ್ಟಳು. ನಾವು ಮೂವರೂ ತಿಂದೆವು. ಅಕ್ಕ ಮುಟ್ಟಲಿಲ್ಲ.

ನನ್ನ ಹೆಂಡತಿ ಮೆಲ್ಲಗೆ ಹೇಳಿದಳು: “ಅಕ್ಕಾ, ಅದು ರೋಮನ್ನರು ಕಣೇ. ಅವರು ಹೋಗಿ ಎಷ್ಟೋ ಕಾಲ ಆಯ್ತು.”

“ಹೋಗಿರಲಿ. ಊರು ಅದೇ ತಾನೇ?”

೫. ಬರಿಗಾಲು

ಈಗ ಎಫೆಸಸ್ ಪಟ್ಟಣದ ಆಕಾರ ವಿವರಿಸಬೇಕು. ಅದು ಒಂದು ಇಳಿಜಾರು. ಮೇಲೊಂದು ಗೇಟು, ಕೆಳಗೊಂದು ಗೇಟು. ಮೇಲಿನ ಗೇಟಿನಲ್ಲಿ ಹೋಗಿ, ನೋಡುತ್ತ ನೋಡುತ್ತ ಇಳಿದು ಕೆಳಗಿನ ಗೇಟಿನಲ್ಲಿ ಹೊರಗೆ ಬರಬೇಕು. ಬಸ್ಸು, ವ್ಯಾನು ಎಲ್ಲ ಕೆಳಗಿನ ಗೇಟಿಗೆ ಬಂದು ನಿಂತಿರುತ್ತವೆ. ಅಂದರೆ ಹೋದ ದಾರಿಯಲ್ಲಿ ಯಾರೂ ವಾಪಸ್ ಬರುವುದಿಲ್ಲ. ಇದನ್ನು ಗೈಡು ವ್ಯಾನಿನಲ್ಲೇ ಹೇಳಿದ್ದಳಂತೆ. ನಾವಾಗ ಅವಳ ಅತ್ತೆಯ ವಿಷಯದಲ್ಲಿದ್ದೆವು.

ಕೆಳಗಿನ ಗೇಟಿಗೆ ಬಂದಾಗ ಮೂರೂಕಾಲು. ಬಂದರಿಗೆ ಅರ್ಧ ಗಂಟೆ ದಾರಿ. ಬೇಕಾದಷ್ಟು ಸಮಯವಿದೆ ಎಂದು ನಾನು ಎದೆಯುಬ್ಬಿಸಿ ವ್ಯಾನಿನ ಬಾಗಿಲು ತೆಗೆದೆ. ಅಕ್ಕ ಹತ್ತಲು ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದರು.

ಕಾಲಿನಲ್ಲಿ ಏನೂ ಇರಲಿಲ್ಲ.

“ಅಕ್ಕಾ, ಶೂ?”

“ಮೇಲೆ ಬಿಟ್ಟಿದ್ದೀವಲ್ಲ. ಇವಳದೂ ಅಲ್ಲೇ ಇದೆ.”

ಆಗಿದ್ದು ಇಷ್ಟು. ಮೇಲಿನ ಗೇಟು ದಾಟಿದ ಕೂಡಲೇ ಗೈಡು ಕೆಲವು ಕಂಬ ತೋರಿಸಿ “ಇದು ದೇವಸ್ಥಾನ” ಎಂದಿದ್ದಳು. ಅಕ್ಕತಂಗಿಯರು ಹಿಂದೆ ಉಳಿದು, ಒಂದು ಕಲ್ಲಿನ ಪಕ್ಕ ಶೂ ಬಿಚ್ಚಿಟ್ಟು, ಕೈಮುಗಿದು ಬಂದಿದ್ದರು. ಅಲ್ಲಿಂದ ಮುಂದೆ ಗೈಡು ಇನ್ನೆರಡು ದೇವಸ್ಥಾನ ತೋರಿಸಿದ್ದರಿಂದ ಇಡೀ ಊರೇ ದೇವಸ್ಥಾನದ ಪ್ರಾಕಾರ ಎಂದುಕೊಂಡಿದ್ದರು. ಸೀರೆಯ ಕೆಳಗೆ ಕಾಲು ಯಾರಿಗೂ ಕಾಣಲಿಲ್ಲ.

“ಕಾಲು ಸುಡಲಿಲ್ವಾ?” ಎಂದೆ.

“ಸುಡ್ತು. ದೇವರ ಸನ್ನಿಧಿಯಲ್ಲಿ ಸ್ವಲ್ಪ ಸುಡುತ್ತೆ” ಎಂದಳು ನನ್ನ ಹೆಂಡತಿ.

ಭಾವ ರಾಜಿಗೆ ಬಂದರು. “ಹೋಗ್ಲಿ ಬಿಡೇ. ದೇವಸ್ಥಾನದಲ್ಲಿ ಚಪ್ಪಲಿ ಕಳೆದ್ರೆ ಶನಿ ಬಿಡುತ್ತೆ ಅಂತಾರೆ.”

“ಶನಿ ಬಿಡೋದು ಚಪ್ಪಲಿಗೆ. ಇದು ಶೂ” ಎಂದರು ಅಕ್ಕ. ಅವರಿಗೆ ಹಿಮ್ಮಡಿ ನೋವು. ಜಯನಗರದ ಡಾಕ್ಟರು ಅಳತೆ ತೆಗೆದು ಮಾಡಿಸಿಕೊಟ್ಟ ಮೆತ್ತೆ ಆ ಶೂ ಒಳಗಿತ್ತು. ಪ್ರವಾಸ ಇನ್ನೂ ಆರು ದಿನ ಬಾಕಿ. ಬಿಟ್ಟು ಹೋಗುವ ಹಾಗಿರಲಿಲ್ಲ.

ವ್ಯಾನು ಗುಡ್ಡ ಸುತ್ತಿಕೊಂಡು ಮೇಲಿನ ಗೇಟಿಗೆ ಬರುವಾಗ ಮೂರೂವರೆ ದಾಟಿತ್ತು. ಕಾವಲುಗಾರ ಒಳಗೆ ಬಿಡಲಿಲ್ಲ. ಒಂದು ಟಿಕೆಟ್ಟಿಗೆ ಒಂದೇ ಪ್ರವೇಶ. ಗೈಡು ಅವರ ಭಾಷೆಯಲ್ಲಿ ಕೈ ಕಾಲು ತೋರಿಸಿ ವಿವರಿಸಿದಳು. ಅವನು ನಮ್ಮನ್ನು ನೋಡಿದ, ಅಕ್ಕನ ಬರಿಗಾಲು ನೋಡಿದ, ಏನೋ ಕೇಳಿದ.

“ಏನಂತೆ?” ಎಂದೆ.

“ಇವತ್ತು ಏನಾದರೂ ಹಬ್ಬವಾ ಅಂತ ಕೇಳ್ತಿದ್ದಾನೆ” ಎಂದಳು ಗೈಡು, ಅವಳಿಗೂ ಅರ್ಥವಾಗದೆ.

ಕಡೆಗೆ ಅವನು ದಾರಿ ಬಿಟ್ಟ. ಒಳಗೆ ಹೋಗಿ ನೋಡಿದರೆ ನಮಗೆ ಅರ್ಥವಾಯಿತು. ಆ ಕಲ್ಲಿನ ಪಕ್ಕ ಅಕ್ಕನ ಶೂ, ನನ್ನ ಹೆಂಡತಿಯ ಶೂ. ಅವುಗಳ ಪಕ್ಕದಲ್ಲಿ, ಶನಿವಾರ ಆಂಜನೇಯನ ಗುಡಿಯ ಮುಂದೆ ಇರುವ ಹಾಗೆ, ಸಾಲಾಗಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಜೊತೆ. ಬಿಳಿ ಶೂ, ಸ್ಯಾಂಡಲ್ಲು, ಹಿಮ್ಮಡಿ ಎತ್ತರದ್ದು, ಒಂದು ಜೊತೆ ಬೂಟು.

“ಟೋಕನ್ ಕೊಟ್ಟಿಲ್ವಾ?” ಎಂದರು ಭಾವ.

ಅಷ್ಟರಲ್ಲಿ ಗೇಟಿನ ಹೊರಗೆ ದೊಡ್ಡ ಬಸ್ಸು ಬಂದು ನಿಂತಿತು. ಬರಿಗಾಲಲ್ಲಿ, ಕಾಲುಚೀಲದಲ್ಲಿ ಒಂದಷ್ಟು ಬಿಳಿಯರು ಕುಂಟುತ್ತ ಓಡಿ ಬಂದರು. ಮುಂದೆ ಬಾವುಟ ಹಿಡಿದ ಗೈಡು, ಅಳುವುದೊಂದು ಬಾಕಿ. ಹಡಗಿನಲ್ಲಿ ನಮ್ಮ ಪಕ್ಕದ ಟೇಬಲ್ಲಿನಲ್ಲಿ ಊಟಕ್ಕೆ ಕೂರುವ ಎತ್ತರದ ಮುದುಕರೂ ಅದರಲ್ಲಿದ್ದರು. ಅವರೇ ಹೇಳಿದ್ದು: “ನಿಮ್ಮ ಮನೆಯ ಹೆಂಗಸರು ಶೂ ಬಿಚ್ಚಿ ಕೈಮುಗಿಯೋದು ನೋಡಿದ್ವಿ. ಇಲ್ಲಿಯ ನಿಯಮ ಅಂದ್ಕೊಂಡ್ವಿ. ನಮ್ಮ ಗೈಡು ಬಾವುಟ ಹಿಡಿದು ಮುಂದೆ ಹೋಗಿಬಿಟ್ಟಿದ್ದಳು.” ಮೊದಲು ಅವರು ಬಿಚ್ಚಿದ್ದರು, ಅವರನ್ನು ನೋಡಿ ಉಳಿದವರು.

ಒಬ್ಬ ಹೆಂಗಸು ಅಕ್ಕನ ಹತ್ತಿರ ಬಂದು ಭಕ್ತಿಯಿಂದ ಕೇಳಿದಳು: “ಮತ್ತೆ ಹಾಕಿಕೊಳ್ಳೋ ಮುಂಚೆ ಏನಾದರೂ ಹೇಳಬೇಕಾ?”

ಗಂಟೆ ನಾಲ್ಕು ಹೊಡೆಯುತ್ತಿದೆ, ಅಕ್ಕ ನಿಧಾನವಾಗಿ “ಕಂಬದ ಕಡೆ ಒಂದು ಸಲ ಕೈಮುಗೀರಿ, ಸಾಕು” ಎಂದರು. ಇಪ್ಪತ್ತು ಜನವೂ ಮುಗಿದರು. ಕಾವಲುಗಾರನೂ ಮುಗಿದ.

“ಅಕ್ಕಾ, ಹಡಗು!” ಎಂದು ನಾನು ಕೂಗಿದೆ.

ಭಾವ ನನ್ನ ತೋಳು ಹಿಡಿದರು. “ಇದು ಹಡಗಿನವರದೇ ಬಸ್ಸಾ?”

“ಹೌದು ಭಾವ.”

“ಇವರನ್ನ ಬಿಟ್ಟು ಹಡಗು ಹೋಗಲ್ಲ ತಾನೇ?”

“ಹೋಗಲ್ಲ.”

“ಹಾಗಾದ್ರೆ ಯಾಕಯ್ಯ ಕಿರುಚ್ತೀಯ? ಲೇಸು ಸರಿಯಾಗಿ ಕಟ್ಕೊಳ್ಳೋಕೆ ಹೇಳು ಎಲ್ಲರಿಗೂ.”

ನಮ್ಮ ವ್ಯಾನು ದಾರಿಯುದ್ದಕ್ಕೂ ಆ ಬಸ್ಸಿಗೆ ಅಂಟಿಕೊಂಡೇ ಬಂತು. ಬಂದರು ಸೇರಿದಾಗ ಐದಕ್ಕೆ ಹತ್ತು ನಿಮಿಷ. ಹಡಗಿನ ಬಾಗಿಲು ತೆರೆದೇ ಇತ್ತು. ನಾವು ನಾಲ್ಕೂ ಜನ ಅವರ ಸಾಲಿನ ಮಧ್ಯೆ, ಅದೇ ಬಾವುಟದ ಹಿಂದೆ, ಸ್ಕೂಲ್ ಮಕ್ಕಳಿಗಿಂತ ಶಿಸ್ತಾಗಿ ಹತ್ತಿದೆವು. ನನ್ನ ಹೆಂಡತಿ ಅಕ್ಕನ ಮೇಲೆ ರೇಗಿದ್ದಳು, ಭಾವ ಅಕ್ಕನ ಮೇಲೆ ರೇಗಿದ್ದರು, ನನ್ನ ಮೇಲೆ ಎಲ್ಲರೂ.

ಊಟದ ಹೊತ್ತಿಗೆ ಕ್ಯಾಪ್ಟನ್ನಿನ ದನಿ ಮೈಕಿನಲ್ಲಿ ಬಂತು: “ಹಡಗು ತಡವಾಗಿ ಹೊರಟಿದ್ದಕ್ಕೆ ಕ್ಷಮೆ ಇರಲಿ. ಎಫೆಸಸ್‌ನ ಪ್ರಾಚೀನ ದೇವಸ್ಥಾನದಲ್ಲಿ ಪಾದರಕ್ಷೆ ಕಳಚುವ ಸ್ಥಳೀಯ ಪದ್ಧತಿ ಇರುವುದರಿಂದ ನಮ್ಮ ಪ್ರಯಾಣಿಕರಿಗೆ ಸ್ವಲ್ಪ ವಿಳಂಬವಾಯಿತು.”

ಅಕ್ಕ ಚಮಚ ಕೆಳಗಿಟ್ಟು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು.

“ಕೇಳಿಸ್ತಾ? ಪದ್ಧತಿ ಅಂತೆ. ಮಧ್ಯಾಹ್ನದಿಂದ ನನ್ನನ್ನ ಬೈದಿದ್ದೇ ಬೈದಿದ್ದು, ಆ ಊರಲ್ಲಿ ಚಪ್ಪಲಿ ಹಾಕ್ಕೊಂಡು ದೇವಸ್ಥಾನಕ್ಕೆ ನುಗ್ಗಿದೋರು ನೀವಿಬ್ಬರು ಗಂಡಸರೇ!”