ಯಜಮಾನರಿಗೊಂದು ಚಮಚ ಉಪ್ಪು

ನಮ್ಮ ಮನೆಯಲ್ಲಿ ಯಜಮಾನರು ಅಂದರೆ ನಾನಲ್ಲ. ನಡುಮನೆಯ ಗಾಜಿನ ತೊಟ್ಟಿಯಲ್ಲಿ ಗತ್ತಿನಿಂದ ಓಡಾಡುವ ಏಂಜಲ್ ಮೀನು. ಹೆಂಡತಿ ಇಟ್ಟ ಹೆಸರು. (ನಾನು ಬರೀ 'ರೀ'.) ಕಳೆದ ತಿಂಗಳು ಅವಳು ಫೋನಿನಲ್ಲಿ, "ಯಜಮಾನ್ರು ಎರಡು ದಿನದಿಂದ ಏನೂ ತಿಂದಿಲ್ಲಮ್ಮ, ಮೈಯೆಲ್ಲ ಬಿಳಿ ಚುಕ್ಕೆ" ಎಂದು ಗೋಳಾಡಿದರೆ ನಮ್ಮತ್ತೆ ಕೇಳಿದ್ದು, "ಅದು ಹಾಗಿರ್ಲಿ, ಮೀನು ಹೇಗಿದೆ?"

ಉಪ್ಪು ಹಾಕಿದರೆ ವಾಸಿಯಾಗುತ್ತದೆ ಎಂದು ಮೊಬೈಲಿನಲ್ಲಿ ಅರ್ಧ ಪ್ರಪಂಚ, ಸಿಹಿನೀರಿನ ಮೀನಿಗೆ ಉಪ್ಪೇ ವಿಷ ಎಂದು ಉಳಿದರ್ಧ. ನಾನು ಹಿಂದೆಮುಂದೆ ನೋಡದೆ ಉಪ್ಪಿನ ಪಕ್ಷ ಸೇರಿದೆ. ಮೀನಿನ ಮೇಲಿನ ಮರುಕದಿಂದಲ್ಲ. ರಕ್ತದೊತ್ತಡವೆಂದು ಡಾಕ್ಟರು ನನಗೆ ಉಪ್ಪು ನಿಷೇಧಿಸಿ ಆರು ತಿಂಗಳಾಗಿತ್ತು. ಉಪ್ಪಿನ ಡಬ್ಬಿ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬೀಗದೊಳಗೆ ಸೆರೆವಾಸ ಅನುಭವಿಸುತ್ತಿತ್ತು.

"ಬಿಳಿ ಚುಕ್ಕೆ ಅಂದ್ರೆ ಹುಳ ಕಣೇ. ಉಪ್ಪು ಬಿದ್ರೆ ಸುರುಟಿಕೊಂಡು ಸಾಯತ್ತೆ."

"ಜೊತೆಗೆ ಮೀನೂ ಸತ್ರೆ? ತೊಟ್ಟಿಯ ಗಿಡ ಬಾಡಿದ್ರೆ? ನೀರು ಸ್ವಲ್ಪ ಬೆಚ್ಚಗಿಟ್ಟು, ದಿನಾ ಒಂದು ಬಕೆಟ್ ಬದಲಾಯಿಸಿದ್ರೆ ಸಾಕು ರೀ."

"ಕನ್ನಡಕದ ಅಂಗಡಿಯವನು ನಾನು. ದೂರದೃಷ್ಟಿ ನನಗಿರತ್ತೋ ನಿನಗೋ?"

ಮೂರನೇ ದಿನ ಯಜಮಾನರು ಒಂದು ಮಗ್ಗುಲಾಗಿ ತೇಲಿದರು. ಅವಳು ತೊಟ್ಟಿಗೆ ಹಣೆ ಒತ್ತಿ ಅತ್ತೇಬಿಟ್ಟಳು. "ನೀವು ಹೇಳಿದ ಹಾಗೇ ಆಗ್ಲಿ. ಹೇಗಾದ್ರೂ ಉಳಿಸಿಕೊಡಿ" ಎಂದಳು. ಇಪ್ಪತ್ತು ವರ್ಷದಿಂದ ನನ್ನ ಮಾತಿಗೆ ಸೊಪ್ಪು ಹಾಕದವಳು ಉಪ್ಪು ಹಾಕಲು ಒಪ್ಪಿದ್ದಳು!

ಅಂದಿನಿಂದ ದಿನಾ ಬೆಳಿಗ್ಗೆ ಅವಳು ಬೀಗ ತೆಗೆದು ಅಳೆದು ಕೊಡುತ್ತಿದ್ದದ್ದು ಒಂದು ಚಮಚ. ನಾನು ಅವಳ ಸಮಾಧಾನಕ್ಕೆ ಒಂದು ಬಕೆಟ್ ಬೆಚ್ಚಗಿನ ನೀರು ಬದಲಾಯಿಸಿ, ಬೆನ್ನು ಅಡ್ಡ ಮಾಡಿಕೊಂಡು, ಉಪ್ಪನ್ನು ಕಾಂಟ್ಯಾಕ್ಟ್ ಲೆನ್ಸಿನ ಡಬ್ಬಿಗೆ ಸುರಿದು ಜೇಬಿಗಿಳಿಸುತ್ತಿದ್ದೆ. (ಎರಡು ಮುಚ್ಚಳದ ಡಬ್ಬಿ. ಬಲಗಣ್ಣಿನದು ಬೇಯಿಸಿದ ಮೊಟ್ಟೆಗೆ, ಎಡಗಣ್ಣಿನದು ಸೌತೆಕಾಯಿಗೆ.) ಅಂಗಡಿಯಲ್ಲಿ ಮೊದಲ ತುತ್ತಿಗೇ ನನ್ನ ಕಣ್ಣಲ್ಲಿ ನೀರು ಬಂತು.

ಮನಸ್ಸು ಚುಚ್ಚದೇ ಇರಲಿಲ್ಲ. ಸಂಜೆ ಅವಳು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುವುದನ್ನು ನೋಡಿದರೆ ಜೇಬಿನ ಡಬ್ಬಿ ಒತ್ತಿಹಿಡಿದು ಒಳಗೆ ಜಾರಿಕೊಳ್ಳುತ್ತಿದ್ದೆ. ರೋಗಿಯ ಔಷಧಿ ಕದ್ದು ತಿನ್ನುವ ನಾನೆಂಥ ಮನುಷ್ಯ! ನಾಳೆಯಿಂದ ಪೂರ್ತಿ ಮೀನಿಗೇ ಎಂದು ಶಪಥ ಮಾಡುತ್ತಿದ್ದೆ. ಬೆಳಗಾದರೆ ಮೊಟ್ಟೆ ನೆನಪಾಗುತ್ತಿತ್ತು.

ಉಪ್ಪು ಶುರುವಾದ ಹತ್ತನೇ ದಿನ ಯಜಮಾನರ ಚುಕ್ಕೆಗಳೆಲ್ಲ ಮಾಯ! ಹೆಂಡತಿ ಆನಂದದಿಂದ ಸಾಕುಮೀನಿನ ಅಂಗಡಿಯವರನ್ನು ಮನೆಗೇ ಕರೆದಳು. "ಬೆಚ್ಚಗಿನ ನೀರೇ ಸಾಕು ಅಂದಿದ್ದೆ ನಾನು. ನಮ್ಮನೆಯವರ ಉಪ್ಪಿನ ಚಿಕಿತ್ಸೆ ನೋಡಿ ಸಾರ್" ಎಂದು ನನ್ನನ್ನು ಮುಂದೆ ತಳ್ಳಿದಳು. ಅವರು ನೀರಿಗೆ ಪೆನ್ನಿನಂಥದೊಂದು ಯಂತ್ರ ಅದ್ದಿದರು, ಒರೆಸಿ ಮತ್ತೆ ಅದ್ದಿದರು.

"ಉಪ್ಪಾ? ನಿಮ್ಮ ನಲ್ಲಿ ನೀರಲ್ಲಿ ಎಷ್ಟಿದೆಯೋ ಅಷ್ಟೇ ಇದೆ ಮೇಡಂ. ಬೆಚ್ಚಗಿನ ನೀರು, ದಿನಾ ಬದಲಾವಣೆ, ಅದರಿಂದ್ಲೇ ವಾಸಿಯಾಗಿದೆ. ನಿಮ್ಮ ಮಾತೇ ಸರಿ."

ಗೆದ್ದವಳು ಕುಣಿಯಬೇಕಿತ್ತು. ಕುಣಿಯಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿ, "ಹಾಗಾದ್ರೆ ಹತ್ತು ಚಮಚ ಉಪ್ಪು ಎಲ್ರೀ ಹೋಯ್ತು?" ಎಂದಳು. ಆಮೇಲೆ ನನ್ನ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದಳು. ನಾನು ಬಾಯಿಬಿಡುವ ಮೊದಲೇ ಅದು ಎಲ್ಲವನ್ನೂ ಹೇಳಿಬಿಟ್ಟಿತು.

ಈಗ ನನಗೂ ಮೀನಿಗೆ ಹಿಡಿಸಿದ ಚಿಕಿತ್ಸೆಯೇ ನಡೆಯುತ್ತಿದೆ: ಉಪ್ಪಿಲ್ಲ, ಊಟ ಚಿಟಿಕೆಯಷ್ಟು, ಹೊತ್ತುಹೊತ್ತಿಗೆ ಬೆಚ್ಚಗಿನ ನೀರು. ಸಂಜೆಯಾದರೆ ಕುರ್ಚಿ ಹಾಕಿಕೊಂಡು ನನ್ನ ಮುಂದೆಯೂ ಕೂರುತ್ತಾಳೆ. ಆದರೆ ಮೀನನ್ನು ನೋಡುವಾಗ ಮಾತ್ರ ನಗುತ್ತಾಳೆ.