ಮದುವೆ ಮಾತಿನ ನಡುವೆ ಹಕ್ಕುಗಾವಲು

"ಇನ್ನು ಮುಂದೆ ನಮ್ಮ ಮನೇಲಿ ಯಾವ ಯಂತ್ರವೂ ಮನುಷ್ಯರ ಮೇಲೆ ದರ್ಬಾರು ಮಾಡೋ ಹಾಗಿಲ್ಲ!" ಎನ್ನುತ್ತಾ ಪಕ್ಕದ ಮನೆಯ ಕೊಟ್ರಬಸಪ್ಪ ಮೇಷ್ಟ್ರು ಕುಕ್ಕರಿನಷ್ಟು ದಪ್ಪದ ಡಬ್ಬಿಯೊಂದನ್ನು ತಮ್ಮ ಮನೆ ಬಾಗಿಲ ಮೇಲೆ ಕೂರಿಸಿದರು. ಹೆಸರು 'ಹಕ್ಕುಗಾವಲು'. ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಮನುಷ್ಯರ ಹಕ್ಕು ಕಾಯೋದೇ ಅದರ ಕೆಲಸವಂತೆ! ಬಾಗಿಲ ಬೀಗವೂ ಅದರ ಕೈಯಲ್ಲೇ.

ಅವತ್ತೇ ಅವರ ಮಗಳು ಅನ್ನಪೂರ್ಣಳನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬಂದರು. ನೆರೆಯವನೆಂದು ನನ್ನನ್ನೂ ಕರೆದಿದ್ದರು.

"ಸಂಬಳ ಎಷ್ಟು ಬರುತ್ತಮ್ಮಾ?" ಎಂದರು ಗಂಡಿನ ತಾಯಿ.

"ಖಾಸಗಿ ಮಾಹಿತಿ! ಉತ್ತರಿಸಬೇಕಿಲ್ಲ!" ಡಬ್ಬಿ ಗುಡುಗಿತು.

"ರೀ, ಅದರ ಬಾಯಿ ಮುಚ್ಚಿಸ್ರೀ!" ಎಂದರು ಮೇಷ್ಟ್ರ ಹೆಂಡತಿ ಶಾಂತವೀರಮ್ಮ.

"ಅದು ವಾಕ್ ಸ್ವಾತಂತ್ರ್ಯ ಕಣೇ!"

"ನಾನು ಮಾತಾಡಿದ್ರೆ ಮಾತ್ರ ತಲೆನೋವು ಅಂತೀರಿ!"

ಗಂಡಿನ ತಂದೆ ಗಂಟಲು ಸರಿಮಾಡಿಕೊಂಡರು. "ಮದುವೆ ಆ್ಯಪೇ ಇವರಿಬ್ಬರಿಗೆ ಸರಿಯಾದ ಜೋಡಿ ಅಂದಿದೆ. ಇನ್ನು ಕೇಳೋದೇನಿದೆ? ತಾಂಬೂಲ ತನ್ನಿ."

"ನಿಲ್ಲಿ! ಯಂತ್ರದ ತೀರ್ಮಾನವನ್ನು ಮನುಷ್ಯರ ಮೇಲೆ ಹೇರುವಂತಿಲ್ಲ. ಹುಡುಗಿಯನ್ನು ಯಾರಾದರೂ ಕೇಳಿದಿರಾ?" ಎಂದಿತು ಡಬ್ಬಿ.

ಟಕ್! ಬಾಗಿಲಿಗೆ ಬೀಗ ಬಿತ್ತು.

ಎಲ್ಲರೂ ಮುಖ ಮುಖ ನೋಡಿಕೊಂಡರು. ನಿಜಕ್ಕೂ ಯಾರೂ ಕೇಳಿರಲಿಲ್ಲ. ಅನ್ನಪೂರ್ಣ ಕಾಫಿ ತಟ್ಟೆ ಕೆಳಗಿಟ್ಟಳು. "ನಂಗೆ ಈ ಮದುವೆ ಬೇಡಪ್ಪಾ."

"ಅಬ್ಬಾ! ನನ್ನನ್ನೂ ಯಾರೂ ಕೇಳಿಲ್ಲ, ನಂಗೂ ಬೇಡ!" ಎಂದ ಗಂಡು ರೇವಣಸಿದ್ಧ, ಉಸಿರು ಬಿಟ್ಟು.

ಶಾಂತವೀರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಗಂಡಿನ ತಂದೆ ಧಡಕ್ಕನೆ ಎದ್ದರು. "ಅವಮಾನ! ನಡೀರಿ ಎಲ್ಲಾ!"

"ಎಲ್ಲರ ಒಪ್ಪಿಗೆಯಿಲ್ಲದೆ ಬಾಗಿಲು ತೆರೆಯಲಾಗದು," ಎಂದಿತು ಡಬ್ಬಿ.

"ಒಪ್ಪಿಗೆ!" "ಒಪ್ಪಿಗೆ!" ಎಂದು ಒಬ್ಬೊಬ್ಬರಾಗಿ ಕೂಗಿದೆವು. ಬಾಗಿಲು ಅಲುಗಲಿಲ್ಲ. ಮೇಷ್ಟ್ರು ವೈರು ಕಿತ್ತರು. ಒಳಗೆ ಬ್ಯಾಟರಿ ಇತ್ತು!

ಅಷ್ಟರಲ್ಲಿ ಅಡುಗೆಮನೆಯಿಂದ ನಗು ಕೇಳಿಸಿತು. ಇಣುಕಿದರೆ, ಬೇಡವೆಂದ ಇಬ್ಬರೂ ಬೋಂಡಾ ತಟ್ಟೆ ನಡುವೆ ಇಟ್ಟುಕೊಂಡು ಹರಟುತ್ತಿದ್ದಾರೆ!

"ಅನ್ನಪೂರ್ಣಾ, ಒಪ್ಪಿಗೆ ಅನ್ನೇ!" ಎಂದರು ಮೇಷ್ಟ್ರು.

"ಸ್ವಲ್ಪ ತಡಿಯಪ್ಪಾ, ಮಾತು ಮುಗಿದಿಲ್ಲ."

"ನನ್ನ ಒಪ್ಪಿಗೆಯೂ ಈಗಲೇ ಸಿಗಲ್ಲ," ಎಂದ ರೇವಣಸಿದ್ಧ, ಇನ್ನೊಂದು ಬೋಂಡಾ ಮುರಿಯುತ್ತಾ.

ಹೊತ್ತು ಮುಳುಗಿತು. ಬೀಗರಾಗಬೇಕಿದ್ದವರೆಲ್ಲ ಗೋಡೆಗೊರಗಿ ಆಕಳಿಸುತ್ತಿದ್ದರು. ತಡೆಯಲಾರದೆ ನಾನೇ ಡಬ್ಬಿಗೆ ಕೈ ಮುಗಿದೆ. "ಅಲ್ಲಯ್ಯಾ, ನನ್ನ ಮನೆಗೆ ನಾನು ಹೋಗೋ ಹಕ್ಕೂ ಇಲ್ವಾ?"

"ಖಂಡಿತ ಇದೆ," ಎಂದಿತು ಹಕ್ಕುಗಾವಲು, ಬಹಳ ವಿನಯದಿಂದ. "ತಮ್ಮ ದೂರು ಪರಿಶೀಲನೆಯಲ್ಲಿದೆ."